ವರದಿ ಇನ್ನೂ ಸಿದ್ಧವಾಗಿಲ್ಲ

ಫೆಬ್ರವರಿ 10, ಸೋಮವಾರ

ಶನಿವಾರ ಸುಧಾಮ ಲ್ಯಾಬಿನ ವೆಬ್‌ಸೈಟನ್ನು ಹೊಸ ಸರ್ವರಿಗೆ ಸಾಗಿಸಿದೆ. ಇವತ್ತು ಬೆಳಗಿನಿಂದ ಅಲ್ಲಿಂದ ಒಂದೇ ಸಮನೆ ಫೋನು. ರಕ್ತ, ಸಕ್ಕರೆ, ಥೈರಾಯ್ಡ್ ರಿಪೋರ್ಟುಗಳೆಲ್ಲ ಸರಿಯಾಗಿ ತೆರೆಯುತ್ತಿವೆ. ಬಯಾಪ್ಸಿ ರಿಪೋರ್ಟು ತೆರೆದರೆ ಮಾತ್ರ ಪರದೆಯ ತುಂಬ ಅರ್ಥವಿಲ್ಲದ ಅಕ್ಷರ. ಯಲಹಂಕದ ಕೌಂಟರಿನಲ್ಲಿ ಕೂರುವ ಫಖ್ರುನ್ನೀಸಾ, ‘ಸಾರ್, ರಿಪೋರ್ಟ್ ಬದ್ಲು ಏನೋ ಮಂತ್ರ ಬರ್ತಿದೆ’ ಎಂದಳು. ಪಾಪ, ಜನರ ಬೈಗುಳವೆಲ್ಲ ಅವಳ ತಲೆಗೆ.

ಎರರ್ ಲಾಗಿನಲ್ಲಿ ಹಳೆಯ ಪರಿಚಯದ ಸಾಲು: ಹೆಡರ್ ಆಗಲೇ ಹೋಗಿಬಿಟ್ಟಿದೆ. ಸರ್ವರು ಏನು ಕಳಿಸುವುದಿದ್ದರೂ ಮೊದಲು ಹೆಡರು ಹೋಗಬೇಕು. ಬರುತ್ತಿರುವುದು ಪುಟವೋ, ಚಿತ್ರವೋ, ಪಿಡಿಎಫ್ಫೋ ಎಂದು ಬ್ರೌಸರಿಗೆ ತಿಳಿಯುವುದು ಅದರಿಂದಲೇ. ಅದಕ್ಕೆ ಮುಂಚೆ ಒಂದೇ ಒಂದು ಖಾಲಿ ಸಾಲು ಸೋರಿದರೂ ಮುಗಿಯಿತು, ಹೆಡರು ಕಳಿಸುವ ಅವಕಾಶ ಹೋಯಿತು. ಹಳೆಯ ಸರ್ವರಿನಲ್ಲಿ ಬಫರ್ ಇತ್ತು. ಎಲ್ಲವನ್ನೂ ತಡೆದಿಟ್ಟುಕೊಂಡು ಕೊನೆಗೆ ಒಟ್ಟಿಗೆ ಬಿಡುತ್ತಿದ್ದುದರಿಂದ ತಪ್ಪು ಕಾಣುತ್ತಿರಲಿಲ್ಲ. ಹೊಸದರಲ್ಲಿ ಅದಿಲ್ಲ. ನಾಳೆ ಆ ಖಾಲಿ ಸಾಲನ್ನು ಹುಡುಕಬೇಕು.

ಏರ್ ಶೋ ದೆಸೆಯಿಂದ ಬಳ್ಳಾರಿ ರಸ್ತೆ ಪೂರ್ತಿ ಜಾಮು. ಆರ್.ಟಿ. ನಗರದ ಆಫೀಸಿನಿಂದ ಜಕ್ಕೂರಿಗೆ ಬರುವಷ್ಟರಲ್ಲಿ ಸಾಕುಸಾಕಾಯಿತು. ಸರಳಾ ಗುರುವಾರ ಪುರಿಗೆ ಹೊರಡುತ್ತಾಳೆ, ಅವಳ ಶಾಲೆಯ ಮೂವರು ಟೀಚರುಗಳ ಜೊತೆ. ಜಕ್ಕೂರು ಏರೋಡ್ರೋಮಿನ ಬೇಲಿಯ ಪಕ್ಕದಲ್ಲೇ ಬೆಳೆದವಳು, ನನ್ನನ್ನು ಕಟ್ಟಿಕೊಂಡ ಮೇಲೂ ಅಲ್ಲೇ ಉಳಿದವಳು, ಇದುವರೆಗೆ ವಿಮಾನ ಹತ್ತಿಲ್ಲ, ಸಮುದ್ರ ನೋಡಿಲ್ಲ. ಅವಳ ಎದೆಯ ಗಂಟಿನ ಬಯಾಪ್ಸಿ ರಿಪೋರ್ಟೂ ಸುಧಾಮದಿಂದಲೇ ಬರಬೇಕು. ಬುಧವಾರ ಅದನ್ನು ಹೆಬ್ಬಾಳದ ಸರ್ಜನ್ನಿಗೆ ತೋರಿಸಿ ಮಾರನೆಯ ದಿನ ಹೊರಡುವುದು ಎಂದು ಲೆಕ್ಕ ಹಾಕಿದ್ದಾಳೆ. ಏನೂ ಇರಲ್ಲ ಸುಮ್ನಿರಿ ಎಂದು ನನಗೇ ಧೈರ್ಯ ಹೇಳುತ್ತಾಳೆ.

ಫೆಬ್ರವರಿ 11, ಮಂಗಳವಾರ

ಖಾಲಿ ಸಾಲು ಸಿಕ್ಕಿತು. ಬಯಾಪ್ಸಿಗೆಂದು ಹೋದ ವರ್ಷ ನಾನೇ ಸೇರಿಸಿದ ಒಂದು ಫೈಲಿನ ತುದಿಯಲ್ಲಿತ್ತು. ಅಳಿಸಿದೆ. ಸರಿಹೋಯಿತೇ ಎಂದು ನನ್ನ ಕಂಪ್ಯೂಟರಿನಲ್ಲಿ ನೋಡಲು, ತೆರೆಯದೇ ಇದ್ದ ರಿಪೋರ್ಟಿನ ನಂಬರು ಒಂದು ಬೇಕಿತ್ತು. ಫಖ್ರುನ್ನೀಸಾ ಕಣ್ಣಿಗೆ ಬಿದ್ದ ಮೊದಲನೆಯದನ್ನು ಓದಿ ಹೇಳಿದಳು. ತೆರೆಯಿತು.

ಸರಳಾ ಯೋಗಾನಂದ. ಹೆಣ್ಣು. ಜಕ್ಕೂರು.

ಈ ಲ್ಯಾಬಿನ ಕೆಲಸ ಹಿಡಿದಾಗಿನಿಂದ ನನಗೆ ನಾನೇ ಹಾಕಿಕೊಂಡ ಕಟ್ಟಳೆಯೊಂದಿದೆ. ಪರೀಕ್ಷೆಗೆ ಯಾರ ರಿಪೋರ್ಟು ತೆರೆದರೂ ಹೆಸರಿನಿಂದ ಕೆಳಗೆ ಕಣ್ಣು ಹೋಗಬಾರದು. ಇವತ್ತು ಹೋಯಿತು. ಕಾರ್ಸಿನೋಮಾ ಎಂದಿತ್ತು, ಕ್ಯಾನ್ಸರು. ಗ್ರೇಡ್ ಮೂರು. ಮೂರು ಅಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಹುಡುಕಿ ನೋಡಿದೆ. ನೋಡಬಾರದಿತ್ತು.

ಸರಿಪಡಿಸಿದ ಫೈಲನ್ನು ಸರ್ವರಿಗೆ ಏರಿಸಲಿಲ್ಲ. ರಘುನಾಥ್ ತಮ್ಮ ಕ್ಯಾಬಿನ್ನಿನಿಂದ ಎದ್ದು ಬಂದು ಏನಾಯಿತೆಂದು ಕೇಳಿದರು. ಇನ್ನೂ ಹುಡುಕ್ತಿದೀನಿ ಎಂದೆ. ಈ ಆಫೀಸಿಗೆ ಸೇರಿದ ಮೇಲೆ ಅವರಿಗೆ ಸುಳ್ಳು ಹೇಳಿದ್ದು ಇದೇ ಮೊದಲಿರಬೇಕು.

ಮನೆಗೆ ಬಂದರೆ ಸರಳಾ ಹೊಸ ಚೂಡಿದಾರ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಮರಳಿನಲ್ಲಿ ಸೀರೆ ಆಗುವುದಿಲ್ಲವಂತೆ, ಫಿಸಿಕ್ಸ್ ಟೀಚರು ಹೇಳಿದ್ದಾರೆ. ರಿಪೋರ್ಟು ಬಂತಾ ಎಂದು ಕನ್ನಡಿಯೊಳಗಿಂದಲೇ ಕೇಳಿದಳು. ಸೈಟು ಕೆಟ್ಟಿದೆ ಎಂದೆ. ಅದು ಸುಳ್ಳಲ್ಲ.

ನಾಲ್ಕು ದಿನ. ಅವಳು ಹೋಗಿ ಬರಲಿ. ಹೇಳದೇ ಇರುವುದೂ ಒಂದು ಬಗೆಯ ಪ್ರೀತಿಯೇ. ನಮ್ಮಪ್ಪ ಹಾಗೇ ಇದ್ದದ್ದು, ನಾನೂ ಹಾಗೇ.

ಫೆಬ್ರವರಿ 12, ಬುಧವಾರ

ಖುದ್ದು ಹೋಗಿ ನೋಡು ಎಂದು ರಘುನಾಥ್ ಯಲಹಂಕಕ್ಕೆ ಅಟ್ಟಿದರು. ಕೌಂಟರಿನ ಎದುರು ಬೆಂಚಿನಲ್ಲಿ ಒಬ್ಬ ಹಿರಿಯರು ಟವೆಲು ಹೊದ್ದು ಕೂತಿದ್ದರು. ಚಿಕ್ಕಜಾಲದ ಮುನಿಶಾಮಪ್ಪ. ನಿನ್ನೆಯೂ ಬಂದು ಬಾಗಿಲು ಹಾಕುವವರೆಗೆ ಕೂತಿದ್ದರಂತೆ. ಅವರ ಹೆಂಡತಿ ಪಟಾಲಮ್ಮನ ಗರ್ಭಕೋಶದ ಬಯಾಪ್ಸಿ. ರಿಪೋರ್ಟಿಲ್ಲದೆ ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಕೊಡುತ್ತಿಲ್ಲ. ಕಂಪ್ಯೂಟರಿನವನು ಬಂದ ಎಂದು ಯಾರೋ ಹೇಳಿದ್ದಕ್ಕೆ ಎದ್ದು ನನ್ನ ಹತ್ತಿರ ಬಂದರು. ಜಗಳ ಆಡುತ್ತಾರೆ ಅಂದುಕೊಂಡೆ. ಆಡಲಿಲ್ಲ.

‘ಒಳ್ಳೇದಿದ್ರೆ ಒಳ್ಳೇದು ಅನ್ನಿ, ಕೆಟ್ಟದಿದ್ರೆ ಕೆಟ್ಟದ್ದು ಅನ್ನಿ. ಗೊತ್ತಾದ್ರೆ ಏನಾರ ಮಾಡ್ಕತೀವಿ. ಇಂಗೆ ಕೂರ್ಸಿದ್ರೆ ನಾವ್ ಎಂಗಪ್ಪಾ ಇರಾದು?’

ಅಲ್ಲೇ ಫಖ್ರುನ್ನೀಸಾಳ ಪಕ್ಕದ ಕುರ್ಚಿಯಲ್ಲಿ ಕೂತು ಫೈಲನ್ನು ಏರಿಸಿದೆ. ಏರಿಸುವ ಮುನ್ನ ಎರಡು ಸಾಲು ಸೇರಿಸಿದೆ. ಸರಳಾಳ ನಂಬರು ಬಂದರೆ ಪಿಡಿಎಫ್ ಕಳಿಸಬೇಡ, ಅದರ ಬದಲು ಒಂದು ವಾಕ್ಯ ಕಳಿಸು: ‘ನಿಮ್ಮ ವರದಿ ಇನ್ನೂ ಸಿದ್ಧವಾಗಿಲ್ಲ.’ ಬರೆಯುವಾಗ ಒಂದಕ್ಷರವೂ ತಪ್ಪಲಿಲ್ಲ. ಅದೇ ಈಗ ಆಶ್ಚರ್ಯವಾಗುತ್ತಿದೆ.

ಮುನಿಶಾಮಪ್ಪನವರ ರಿಪೋರ್ಟು ಪ್ರಿಂಟಾಗಿ ಬಂತು. ಅವರು ಅದನ್ನು ಓದದೆ, ಮಡಚದೆ, ಎರಡು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು.

ಸಂಜೆ ಸರಳಾ ಫೋನಿನಲ್ಲಿ ನೋಡಿದಳು. ‘ಇನ್ನೂ ಸಿದ್ಧವಾಗಿಲ್ವಂತೆ ಕಣ್ರೀ’ ಎಂದು ನನಗೇ ಓದಿ ಹೇಳಿದಳು. ಸರ್ಜನ್ನಿನ ಅಪಾಯಿಂಟ್‌ಮೆಂಟನ್ನು ಬಂದ ಮೇಲಕ್ಕೆ ಮುಂದೂಡಿದಳು. ಆಮೇಲೆ ಚಪಾತಿ ಕಟ್ಟಿಕೊಳ್ಳಲೋ ಬೇಡವೋ ಎಂದು ಟೀಚರುಗಳಿಗೆಲ್ಲ ಫೋನು ಮಾಡುತ್ತಾ ಕೂತಳು.

ಫೆಬ್ರವರಿ 13, ಗುರುವಾರ

ಏರ್‌ಪೋರ್ಟಿನಲ್ಲಿ ಬಿಟ್ಟು ಬಂದೆ. ಗಾಜಿನ ಬಾಗಿಲಿನಾಚೆ ಹೋದ ಮೇಲೂ ತಿರುಗಿ ತಿರುಗಿ ಕೈ ಬೀಸುತ್ತಿದ್ದಳು. ಊಟ ಸೇರಲಿಲ್ಲ.

ಫೆಬ್ರವರಿ 15, ಶನಿವಾರ

ಫೋಟೋ ಬಂದಿದೆ. ಮೊಣಕಾಲವರೆಗೆ ನೀರಿನಲ್ಲಿ ನಿಂತಿದ್ದಾಳೆ. ಚೂಡಿದಾರದ ಕಾಲು ಪೂರ್ತಿ ಒದ್ದೆ, ಬಾಯಿ ತೆರೆದು ನಗುತ್ತಿದ್ದಾಳೆ, ಅಲೆ ಬಂದು ಬಡಿದ ಗಳಿಗೆ ಇರಬೇಕು. ಹೀಗೆ ನಕ್ಕಿದ್ದನ್ನು ನಾನು ನೋಡಿಲ್ಲ. ನೋಡಿದ್ದರೂ ನೆನಪಿಲ್ಲ.

ತುಂಬಾ ಚೆನ್ನಾಗಿದೆ ಎಂದು ಉತ್ತರ ಕಳಿಸಿದೆ. ಬೇರೆ ಏನು ಬರೆಯಲಿ?

ಫೆಬ್ರವರಿ 18, ಮಂಗಳವಾರ

ನಿನ್ನೆ ಸಂಜೆ ಬಂದಳು. ಮೈಯೆಲ್ಲ ಬಿಸಿಲು. ತಂದ ಚಿಪ್ಪುಗಳನ್ನು ಪೇಪರಿನ ಮೇಲೆ ಹರಡಿ, ಇದು ಹರ್ಷಿತಾಗೆ, ಇದು ಪಕ್ಕದ ಮನೆಯವರಿಗೆ ಎಂದು ಬೇರೆ ಮಾಡಿದಳು. ಇವತ್ತು ಬೆಳಿಗ್ಗೆ ಆಫೀಸಿಗೆ ಹೋದವನೇ ಆ ಎರಡು ಸಾಲು ತೆಗೆದೆ. ರಜೆ ಹೇಳಿ ಮಧ್ಯಾಹ್ನ ಮನೆಗೆ ಬಂದೆ. ಅವಳು ಓದುವಾಗ ಜೊತೆಯಲ್ಲಿರಬೇಕು ಎಂದಷ್ಟೇ ಇತ್ತು.

ಊಟದ ಮೇಜಿನಲ್ಲಿ ಕೂತಿದ್ದಳು. ಮುಂದೆ ಫೋನು. ಓದಿ ಆಗಿತ್ತು. ಅಳುತ್ತಿರಲಿಲ್ಲ. ನಾನು ಕೂರುವ ಮೊದಲೇ, ರಿಪೋರ್ಟಿನ ಮೇಲೆ ಹತ್ತನೇ ತಾರೀಕು ಅಂತಿದೆ ಎಂದಳು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹೆಜ್ಜೆಯನ್ನು ಹುಡುಕುವ ದನಿ.

‘ನಿಮಗೆ ಗೊತ್ತಿತ್ತಾ?’

ಗೊತ್ತಿತ್ತು ಎಂದೆ. ಯಾವತ್ತಿನಿಂದ ಎಂದಳು. ಹೋದ ಮಂಗಳವಾರದಿಂದ ಎಂದೆ. ಸೈಟು ಸರಿಹೋಗಿದ್ದೂ, ಎರಡು ಸಾಲು ಸೇರಿಸಿದ್ದೂ ಎಲ್ಲ ಹೇಳಿದೆ. ನೀನು ಸಮುದ್ರ ನೋಡಿ ಬರಲಿ ಅಂತ ಎಂದೆ. ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನ ಸುತ್ತು ಹಾಕುತ್ತಿತ್ತು; ಅದರ ಸದ್ದು ದೂರವಾದ ಮೇಲೆ ಹೇಳಿದಳು.

‘ನನ್ನ ಮೈ ಕಣ್ರೀ ಇದು. ನನಗಿಂತ ಮುಂಚೆ ನಿಮಗೆ ಗೊತ್ತಿತ್ತು. ನಾನು ಹುಚ್ಚಿ ಥರ ನಗ್ತಾ ಫೋಟೋ ಕಳಿಸ್ತಿದ್ದೆ. ನೀವು ಇಲ್ಲಿ ಕೂತ್ಕೊಂಡು ನೋಡ್ತಿದ್ರಿ.’

ಚಿಪ್ಪುಗಳನ್ನೆಲ್ಲ ಪೇಪರಿನ ಸಮೇತ ಮಡಚಿ ಬೀರುವಿನ ಮೇಲಿಟ್ಟಳು. ಹರ್ಷಿತಾಗೆ ಈಗಲೇ ಹೇಳುವುದು ಬೇಡ, ಡಾಕ್ಟರನ್ನು ಕಂಡ ಮೇಲೆ ನೋಡೋಣ ಎಂದೆ. ನಾನು ಮುಖ ತೊಳೆದು ಬರುವಷ್ಟರಲ್ಲಿ ಮಗಳು ಕೆಲಸ ಮಾಡುವ ಯಶವಂತಪುರದ ಬ್ಯಾಂಕಿಗೇ ಫೋನು ಮಾಡಿ ಹೇಳಿಬಿಟ್ಟಿದ್ದಳು.

ಫೆಬ್ರವರಿ 20, ಗುರುವಾರ

ಸರ್ಜನ್ ಊರಿನಲ್ಲಿಲ್ಲ. ಸೋಮವಾರ ವಿದೇಶಕ್ಕೆ ಹೋದರಂತೆ, ಮಾರ್ಚಿಗೆ ಬರುತ್ತಾರಂತೆ. ಹನ್ನೆರಡನೇ ತಾರೀಕಿನ ಅಪಾಯಿಂಟ್‌ಮೆಂಟಿಗೇ ಬಂದಿದ್ದರೆ ಹೋಗುವ ಮೊದಲೇ ಆಪರೇಷನ್ ಮುಗಿಸುತ್ತಿದ್ದರೇನೋ ಎಂದು ರಿಸೆಪ್ಷನ್ನಿನವಳು ಕಂಪ್ಯೂಟರು ನೋಡುತ್ತಾ ಸಹಜವಾಗಿ ಹೇಳಿದಳು. ಬೇರೆ ಡಾಕ್ಟರ ಹತ್ತಿರ ಹೋಗೋಣ ಎಂದೆ. ಗಂಟು ನೋಡಿದವರೇ ಮಾಡಲಿ ಎಂದಳು ಸರಳಾ. ನನ್ನ ಕಡೆ ನೋಡಲೂ ಇಲ್ಲ, ದೂರಲೂ ಇಲ್ಲ.

ಫೆಬ್ರವರಿ 25, ಮಂಗಳವಾರ

ಸಾಲು ತೆಗೆದರೂ ಫೈಲಿನ ಹಳೆಯ ಪ್ರತಿಗಳಲ್ಲಿ ಎಲ್ಲ ಉಳಿಯುತ್ತದೆ. ರಘುನಾಥ್ ಕಣ್ಣಿಗೆ ಆ ಎರಡು ಸಾಲು ಬಿದ್ದಿವೆ. ಕರೆದು ಬಾಗಿಲು ಹಾಕಿಸಿ, ಯಾರ ನಂಬರು ಎಂದು ಕೇಳಿದರು. ಹೇಳಿದೆ. ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಎಂದರು. ಆಮೇಲೆ ಲ್ಯಾಬಿನ ಕೆಲಸವನ್ನು ನನ್ನಿಂದ ತೆಗೆದು ಬಾಲರಾಜುವಿಗೆ ಕೊಟ್ಟರು, ನನಗೊಂದು ಬೇಕರಿಯ ಸೈಟು. ಎರಡೂ ನ್ಯಾಯವೇ.

ಅವರ ಸಮಾಧಾನದ ಮಾತು ಯಾಕೆ ಹಿಡಿಸಲಿಲ್ಲ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಅವರ ಹೆಂಡತಿಗೆ ರಿಪೋರ್ಟು ಬಂದಿಲ್ಲ. ಅಷ್ಟೇ.

ಮಾರ್ಚ್ 13, ಗುರುವಾರ

ಆಪರೇಷನ್ ಆಯಿತು. ಕಂಕುಳಿನ ಗಂಟುಗಳಿಗೂ ಹರಡಿತ್ತು ಎಂದು ಸರ್ಜನ್ ಹೇಳಿದರು. ನಡುವೆ ಹೋದ ಆ ದಿನಗಳಲ್ಲಿ ಹರಡಿತೇ, ಮೊದಲೇ ಇತ್ತೇ ಎಂದು ಕೇಳಿದೆ. ‘ಅದನ್ನ ಯಾರೂ ಹೇಳಕ್ಕಾಗಲ್ಲ’ ಎಂದರು. ಮೊದಲೇ ಇತ್ತು ಎನ್ನಲಿ ಎಂದು ಕಾದಿದ್ದೆ. ಆ ದಿನಗಳಲ್ಲೇ ಎಂದಿದ್ದರೂ ಆಗುತ್ತಿತ್ತು.

ಅವಳಿಗೆ ಎಚ್ಚರವಾದಾಗ ಹರ್ಷಿತಾ ಪಕ್ಕದಲ್ಲಿದ್ದಳು. ನಾನು ಬಾಗಿಲಲ್ಲಿ.

ಮಾರ್ಚ್ 30, ಭಾನುವಾರ

ಯುಗಾದಿ. ದಾಸರಹಳ್ಳಿಯಿಂದ ಹರ್ಷಿತಾ ಮತ್ತು ಅಳಿಯ ಬಂದಿದ್ದರು. ಒಬ್ಬಟ್ಟು ಅಂಗಡಿಯಿಂದ ತಂದೆವು. ಸರಳಾಗೆ ಬಲಗೈ ಎತ್ತಲು ಆಗುವುದಿಲ್ಲ; ತಲೆ ಬಾಚಲು ನಾನು ಹೋದೆ. ಬೇಡ ಎನ್ನಲಿಲ್ಲ. ಸಿಕ್ಕು ಬಿಡಿಸಲು ಬರುವುದಿಲ್ಲ ನನಗೆ. ಕೆಳಗಿನಿಂದ ಶುರು ಮಾಡಿ ಎಂದು ಹೇಳಿಕೊಟ್ಟಳು. ರಿಪೋರ್ಟಿನ ದಿನದಿಂದ ಈಚೆಗೆ ನನಗೆಂದೇ ಆಡಿದ ಉದ್ದದ ಮಾತು ಇದು.

ಏಪ್ರಿಲ್ 24, ಗುರುವಾರ

ಎರಡನೆಯ ಕೀಮೋ. ಒಗ್ಗರಣೆಯ ವಾಸನೆ ಬಂದರೆ ಸಾಕು ವಾಂತಿ. ಅನ್ನ ಮಜ್ಜಿಗೆ, ತೆಳ್ಳಗಿನ ರಾಗಿ ಗಂಜಿ ಇಷ್ಟೇ ಸೇರುವುದು. ಗಂಜಿ ಗಂಟಾಗದಂತೆ ಕದಡುವುದು ಈಗ ಬರುತ್ತದೆ: ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಳ್ಳಬೇಕು. ಆಫೀಸಿನಿಂದ ಮಧ್ಯಾಹ್ನವೇ ಬರುತ್ತೇನೆ, ಬೇಕರಿಯವರಿಗೆ ಅವಸರವಿಲ್ಲ.

ಜೂನ್ 8, ಭಾನುವಾರ

ಬೆಳಿಗ್ಗೆ ಕೆರೆಯ ಹತ್ತಿರ ನಡೆದುಕೊಂಡು ಹೋದೆವು. ಕೂದಲು ಪೂರ್ತಿ ಹೋಗಿದೆ. ತಲೆಗೆ ಹರ್ಷಿತಾ ತಂದುಕೊಟ್ಟ ಹತ್ತಿಯ ಬಟ್ಟೆ. ಕಲ್ಲುಬೆಂಚಿನಲ್ಲಿ ಕೂತು ಉಸಿರು ಸುಧಾರಿಸಿಕೊಂಡ ಮೇಲೆ ತಾನಾಗಿಯೇ ಪುರಿಯ ಮಾತೆತ್ತಿದಳು. ಕೋಪದಿಂದಲ್ಲ.

‘ಸಮುದ್ರ ನೋಡಿದ್ದಕ್ಕೆ ಬೇಜಾರಿಲ್ಲ. ಆದರೆ ಅದು ನೀವು ಕೊಟ್ಟಿದ್ದು ಅಂತ ಆಗ್ಬಿಡ್ತು ನೋಡಿ. ನಾನೇ ಹೋಗಿ ನೋಡ್ಕೊಂಡು ಬಂದಿದ್ದಾಗಬೇಕಿತ್ತು. ಮೊದಲೇ ಹೇಳಿದ್ರೂ ನಾನು ಹೋಗ್ತಿದ್ನೇನೋ. ಯಾರಿಗ್ಗೊತ್ತು? ಅದನ್ನ ನೀವು ನನ್ನ ಕೇಳ್ಲೇ ಇಲ್ಲ.’

ಇಲ್ಲ, ಕೇಳಲಿಲ್ಲ ಎಂದೆ. ಆ ನಾಲ್ಕು ದಿನ ನಾನು ಹೇಗಿದ್ದೆ ಎಂದು ಕೇಳಿದಳು. ಹೇಳಲು ಶುರು ಮಾಡಿದೆ. ಊಟ ಮಾಡಲಾಗದೆ ಸಾರನ್ನು ಸಿಂಕಿಗೆ ಚೆಲ್ಲಿದ್ದು, ಅವಳ ಫೋಟೋದ ಎದುರು ಕೂತು ಅದನ್ನು ದೊಡ್ಡದು ಚಿಕ್ಕದು ಮಾಡಿದ್ದು, ಆಫೀಸಿನಲ್ಲಿ ಯಾರ ಫೋನು ಬಂದರೂ ಬೆಚ್ಚಿದ್ದು. ಹೇಳುತ್ತಾ ಹೇಳುತ್ತಾ ಬಿಸಿಲೇರಿತು. ಅವಳು ನೀರುಕೋಳಿಗಳನ್ನು ನೋಡುತ್ತಾ ಕೇಳಿಸಿಕೊಂಡಳು. ಎದ್ದು ಹೊರಡುವಾಗ ನನ್ನ ತೋಳು ಹಿಡಿದುಕೊಂಡಳು, ಸುಸ್ತಾಗಿತ್ತು.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಕೀಮೋ ಮುಗಿದಿದೆ. ತಲೆಯಲ್ಲಿ ಮೃದುವಾಗಿ ಬೂದು ಬಣ್ಣದ ಕೂದಲು ಬರುತ್ತಿದೆ. ಮುಂದಿನ ವಾರದಿಂದ ದಿನಾ ಎರಡು ಪೀರಿಯಡ್ ಮಾತ್ರ ಶಾಲೆಗೆ ಹೋಗುತ್ತಾಳಂತೆ. ನಾನು ಬೇಡ ಎನ್ನಲಿಲ್ಲ. ಆದರೆ ನನಗೆ ಹೆದರಿಕೆಯಾಗುತ್ತದೆ ಎಂದು ಹೇಳಿದೆ. ನನಗೂ ಎಂದಳು.

ಸೆಪ್ಟೆಂಬರ್ 15, ಸೋಮವಾರ

ವಾರದಿಂದ ಬಲಪಕ್ಕೆಯಲ್ಲಿ ನೋವು. ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ.

ಸೆಪ್ಟೆಂಬರ್ 22, ಸೋಮವಾರ

ಹೆಬ್ಬಾಳದ ಆಸ್ಪತ್ರೆಗೆ ಹೋಗಿದ್ದೆವು. ಸರಳಾಳನ್ನು ಒಳಗೆ ಮಲಗಿಸಿ ನರ್ಸು ಬಿ.ಪಿ. ನೋಡುತ್ತಿದ್ದಾಗ ಡಾಕ್ಟರು ಬಾಗಿಲ ಸಂದಿಯಿಂದ ನನಗೆ ಸನ್ನೆ ಮಾಡಿದರು. ಕಾರಿಡಾರಿನಲ್ಲಿ ಗೋಡೆಯ ಪಕ್ಕ ಕರೆದುಕೊಂಡು ಹೋಗಿ, ಮೊದಲು ನಿಮಗೆ ಹೇಳ್ತೀನಿ, ಅವರಿಗೆ ಎಷ್ಟು ಹೇಳಬೇಕು ಅಂತ ಆಮೇಲೆ ನೋಡೋಣ ಎಂದರು. ಕೈಯಲ್ಲಿ ಸ್ಕ್ಯಾನಿನ ಕವರು. ಅವರ ಮುಖದಲ್ಲೇ ಅರ್ಧ ಇತ್ತು.

‘ಡಾಕ್ಟ್ರೇ, ಒಳಗೆ ಬನ್ನಿ. ಅವಳಿಗೇ ಹೇಳಿ. ಅವಳ ಜೊತೆ ನಾನೂ ಕೇಳಿಸ್ಕೋತೀನಿ.’

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಬಂದರು.

ಲಿವರಿಗೆ ಹೋಗಿದೆ. ಮತ್ತೊಂದು ಬಗೆಯ ಔಷಧಿ ಕೊಟ್ಟು ನೋಡಬಹುದು, ವಾಸಿಮಾಡುವುದು ಆಗುವುದಿಲ್ಲ, ಸ್ವಲ್ಪ ಕಾಲ ಸಿಗಬಹುದು. ಅವರು ಮೇಜಿನ ಕಡೆ ನೋಡುತ್ತಾ ಹೇಳಿದರು. ಸರಳಾ ಎದ್ದು ಕೂತು ಸೆರಗು ಸರಿಮಾಡಿಕೊಂಡು ಕೇಳಿದಳು. ನಡುವೆ ಒಂದು ಸಲ ನನ್ನ ಮುಖ ನೋಡಿದಳು. ನನಗೂ ಈಗಲೇ ಗೊತ್ತಾಗುತ್ತಿದೆ ಎಂಬುದು ಅವಳಿಗೆ ಕಂಡಿತು ಎನ್ನಿಸಿತು. ಕೊನೆಗೆ, ಅರ್ಧವಾರ್ಷಿಕ ಪರೀಕ್ಷೆಯ ಪೇಪರು ತಿದ್ದುವುದಿದೆ, ತಿದ್ದಬಹುದಾ ಎಂದು ಕೇಳಿದಳು. ಕೂತು ತಿದ್ದಬಹುದು ಎಂದರು ಡಾಕ್ಟರು. ಅವರ ಕಣ್ಣು ಕೆಂಪಾಗಿತ್ತು.

ಆಟೋದಲ್ಲಿ ಫ್ಲೈಓವರು ದಾಟಿ ಜಕ್ಕೂರಿಗೆ ಬರುವವರೆಗೆ ಹೊರಗೆ ನೋಡುತ್ತಿದ್ದಳು. ನಾನು ಹರ್ಷಿತಾಗೆ ಫೋನು ಮಾಡಿ, ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಸರಳಾ ಪಕ್ಕದಲ್ಲೇ ಇದ್ದಳು. ಸೇರಿಸಲು ಏನೂ ಉಳಿದಿರಲಿಲ್ಲ ಎಂದು ಕಾಣುತ್ತದೆ, ಫೋನು ತನಗೆ ಕೊಡಿ ಎನ್ನಲಿಲ್ಲ.

ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಮಂಚದ ಮೇಲೆ ಕೂತಳು. ನಾನು ನೀರು ತಂದುಕೊಟ್ಟೆ. ಕುಡಿದು ಲೋಟವನ್ನು ವಾಪಸು ಕೊಡುವಾಗ ಅಳು ಬಂತು. ದೊಡ್ಡ ದನಿಯಲ್ಲಿ, ಚಿಕ್ಕ ಮಕ್ಕಳು ಅಳುವ ಹಾಗೆ, ತಡೆದು ತಡೆದು ಅತ್ತಳು. ಇಷ್ಟು ವರ್ಷದಲ್ಲಿ ನನ್ನ ಎದುರಿಗೆ ಹೀಗೆ ಅತ್ತವಳಲ್ಲ. ಲೋಟ ಇಡಲು ಅಡುಗೆಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ನೆಲದ ಮೇಲಿಟ್ಟು ಅವಳ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ನಾನೂ ಅತ್ತೆ.

ಹಾಗೇ ಇದ್ದಾಗ ಬ್ಯಾಂಕಿನಿಂದ ನೇರ ಬಂದ ಹರ್ಷಿತಾ ಹೆಗಲಿನ ಬ್ಯಾಗೂ ಇಳಿಸದೆ ಬಾಗಿಲಲ್ಲಿ ನಿಂತಳು. ಒಳಗೆ ಬರಲೋ ಬೇಡವೋ ಎಂಬಂತೆ ನಿಂತೇ ಇದ್ದಳು. ಸರಳಾ ಕಾಲು ಮಡಚಿಕೊಂಡು, ನನ್ನನ್ನೂ ಸ್ವಲ್ಪ ಆಚೆ ಸರಿಸಿ, ಮಂಚದ ಮೇಲೆ ಅವಳಿಗೆ ಜಾಗ ಮಾಡಿದಳು.